ಡೊಮೇನ್ ತಗೊಂಡಾಯ್ತು, ಗೂಗಲ್‌ನಲ್ಲಿ ಕಾಣಿಸುವುದು ಹೇಗೆ?

"ಡೊಮೇನ್ ತಗೊಂಡೆ, ವೆಬ್‌ಸೈಟೂ ಮಾಡಿಸಿದೆ. ಗೂಗಲ್‌ನಲ್ಲಿ ಹುಡುಕಿದರೆ ಕಾಣಿಸೋದೇ ಇಲ್ಲ. ಏನು ಮಾಡಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ಹೆಸರಲ್ಲೇ ಕೀವರ್ಡ್ ಇದ್ದರೆ ತಾನಾಗಿಯೇ ಮೇಲೆ ಬರುತ್ತಂತೆ, ಹೌದಾ?" ಕೀವರ್ಡ್ ಅಂದರೆ ಜನ ಹುಡುಕುವಾಗ ಟೈಪ್ ಮಾಡುವ ಮಾತು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹೆಸರು ಕೊಳ್ಳುವುದಕ್ಕೂ ಮೊದಲಿನಿಂದ ಶುರು ಮಾಡಿದ್ದೇನೆ, ಈಗಾಗಲೇ ಕೊಂಡವರು ತಮಗೆ ಬೇಕಾದ ಹಂತಕ್ಕೆ ಹೋಗಬಹುದು.

ಮೊದಲೇ ಹೇಳಿಬಿಡುತ್ತೇನೆ. ಡೊಮೇನ್ ಹೆಸರು, ಅಂದರೆ ನಿಮ್ಮ ಸೈಟಿನ ವಿಳಾಸವಾಗುವ ಹೆಸರು, ನಿಮ್ಮನ್ನು ಹುಡುಕಾಟದಲ್ಲಿ ಮೇಲೆ ತರುವುದಿಲ್ಲ. ಒಮ್ಮೆ ಬಂದವರು ನೆನಪಿಟ್ಟುಕೊಂಡು ಮತ್ತೆ ಬರಲು, ಇನ್ನೊಬ್ಬರಿಗೆ ಹೇಳಲು ಹೆಸರು ಬೇಕು. ಹೊಸಬರನ್ನು ಕರೆತರುವ ಕೆಲಸ ಪುಟಗಳದ್ದು. ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹೆಸರಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಪುಟಗಳನ್ನು ಮಾತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತಾರೆ.

ಶುರು ಮಾಡುವ ಮುನ್ನ ಬೇಕಾದ್ದು

ಬಹುಕಾಲ ಉಳಿಯುವ ಒಂದು ಇಮೇಲ್ ವಿಳಾಸ ಬೇಕು. ಅದು ಈಗ ಕೊಳ್ಳಲಿರುವ ಡೊಮೇನಿನದೇ ಆಗಿರಬಾರದು. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ನಿಮ್ಮದೇ ಹೆಸರಿನ ಕಾರ್ಡ್, ಪಾಸ್‌ವರ್ಡ್ ಜೋಪಾನವಾಗಿಡಲು ಒಂದು ಜಾಗ, ಬರೆದುಕೊಳ್ಳಲು ಒಂದು ಪುಸ್ತಕ ಇದ್ದರೆ ಸಾಕು. ಕೋಡ್ ಬರೆಯಲು ಬರಬೇಕಿಲ್ಲ.

ನಾಲ್ಕು ಪದಗಳ ಅರ್ಥ ತಿಳಿದಿರಲಿ. 'ರಿಜಿಸ್ಟ್ರಿ' ಅಂದರೆ ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಒಂದೊಂದು ವಿಸ್ತರಣೆಯ ಇಡೀ ಪಟ್ಟಿಯನ್ನು ನೋಡಿಕೊಳ್ಳುವ ಸಂಸ್ಥೆ. ಡಾಟ್ ಕಾಮ್‌ನ ರಿಜಿಸ್ಟ್ರಿ ವೆರಿಸೈನ್. 'ರಿಜಿಸ್ಟ್ರಾರ್' ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು ನೋಂದಾಯಿಸಿಕೊಡುವ ಕಂಪನಿ. ನೀವು ದುಡ್ಡು ಕೊಡುವುದು ಇವರಿಗೆ. 'ಹೋಸ್ಟಿಂಗ್' ಅಂದರೆ ನಿಮ್ಮ ಪುಟಗಳ ಫೈಲ್‌ಗಳು ಕೂತಿರುವ ಕಂಪ್ಯೂಟರ್. 'ಡಿಎನ್ಎಸ್' ಅಂದರೆ ಹೆಸರನ್ನು ಆ ಕಂಪ್ಯೂಟರಿನ ಅಂಕಿ ವಿಳಾಸಕ್ಕೆ ಹೊಂದಿಸುವ ವ್ಯವಸ್ಥೆ. ಇದು 1983ರಿಂದ ಇದೆ. ರಿಜಿಸ್ಟ್ರಾರ್ ಮತ್ತು ಹೋಸ್ಟಿಂಗ್ ಒಂದೇ ಕಂಪನಿ ಆಗಿರಬಹುದು, ಆಗಲೇಬೇಕು ಅಂತೇನಿಲ್ಲ. ಬೇರೆ ಬೇರೆ ಇದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಂದು ಕಡೆ ಜಗಳವಾದರೆ ಇನ್ನೊಂದು ಕೈಯಲ್ಲಿರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ರಿಪೇರಿ ಮಾಡುವ ಒಬ್ಬರು ಆನ್‌ಲೈನ್‌ನಲ್ಲಿ ಗಿರಾಕಿಗಳನ್ನು ಹುಡುಕುತ್ತಿದ್ದಾರೆ ಅಂದುಕೊಳ್ಳಿ.

1. ಜನ ಟೈಪ್ ಮಾಡುವ ಮಾತುಗಳನ್ನು ಬರೆದುಕೊಳ್ಳಿ

ಹೆಸರು ಹುಡುಕುವುದಕ್ಕೂ ಮೊದಲು ಈ ಕೆಲಸ. ನಿಮ್ಮ ಕೆಲಸವನ್ನು ನೀವು ಕರೆಯುವ ರೀತಿ ಬೇರೆ, ಗಿರಾಕಿ ಕರೆಯುವ ರೀತಿ ಬೇರೆ. ರಿಪೇರಿಯವರು 'ಶಟರ್ ಮೆಕ್ಯಾನಿಸಂ ಸರ್ವಿಸಿಂಗ್' ಅನ್ನುತ್ತಾರೆ. ಗಿರಾಕಿ 'ಕ್ಯಾಮೆರಾ ಕ್ಲಿಕ್ ಆಗ್ತಿಲ್ಲ' ಅಂತ ಟೈಪ್ ಮಾಡುತ್ತಾನೆ. 'ಲೆನ್ಸ್ ಒಳಗೆ ಬಿಳಿ ಬಲೆ ಥರ ಕಾಣ್ತಿದೆ' ಅನ್ನುವವನಿಗೆ ಅದರ ಹೆಸರು ಫಂಗಸ್ ಅಂತ ಗೊತ್ತೇ ಇರುವುದಿಲ್ಲ.

ಇಂಥ ಮಾತುಗಳು ಎಲ್ಲಿ ಸಿಗುತ್ತವೆ? ಮೊದಲ ಜಾಗ, ನಿಮಗೆ ಬಂದ ಮೆಸೇಜುಗಳು. ಹಳೆಯ ಚಾಟ್‌ಗಳನ್ನು ತೆರೆದು, ಜನ ಹೇಗೆ ಕೇಳಿದ್ದಾರೋ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಎರಡನೆಯದು, ಸರ್ಚ್ ಬಾಕ್ಸ್‌ನಲ್ಲಿ ಅರ್ಧ ಟೈಪ್ ಮಾಡಿದಾಗ ಕೆಳಗೆ ಇಳಿಯುವ ಸಲಹೆಗಳು. ಜೊತೆಗೆ ಫಲಿತಾಂಶಗಳ ನಡುವೆ ಬರುವ 'ಜನ ಇದನ್ನೂ ಕೇಳುತ್ತಾರೆ' ಅನ್ನುವ ಪೆಟ್ಟಿಗೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಯಾವುದನ್ನು ಜನ ಜಾಸ್ತಿ ಹುಡುಕುತ್ತಾರೆ ಅಂತ ಎರಡು ಮಾತುಗಳನ್ನು ಹೋಲಿಸಿ ನೋಡಬಹುದು. ಇದನ್ನೆಲ್ಲ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿ. ಇಲ್ಲದಿದ್ದರೆ ನಿಮ್ಮ ಹಳೆಯ ಹುಡುಕಾಟಗಳ ನೆರಳು ಬೀಳುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕು. ಒಂದೇ ಮಾತನ್ನು ಒಬ್ಬರು ಕನ್ನಡ ಲಿಪಿಯಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಕನ್ನಡವನ್ನೇ ರೋಮನ್ ಅಕ್ಷರದಲ್ಲಿ ಹೊಡೆಯುತ್ತಾರೆ, ಮತ್ತೊಬ್ಬರು ಪೂರ್ತಿ ಇಂಗ್ಲಿಷಿನಲ್ಲಿ. ಮೂರನ್ನೂ ಟೈಪ್ ಮಾಡಿ ನೋಡಿ. ಯಾವುದಕ್ಕೆ ಸಲಹೆಗಳು ಜಾಸ್ತಿ ಇಳಿಯುತ್ತವೋ ಅದರ ಬಳಕೆಯೇ ಜಾಸ್ತಿ ಇರಬಹುದು ಅನ್ನುವ ಒಂದು ಅಂದಾಜು ಸಿಗುತ್ತದೆ.

ಪಟ್ಟಿಯಲ್ಲಿ ಇಪ್ಪತ್ತು, ಮೂವತ್ತು ಮಾತುಗಳಾದರೆ ಸಾಕು. ಅದರಲ್ಲಿ 'ಯಾಕೆ ಹೀಗಾಗುತ್ತದೆ' ಅಂತ ತಿಳಿಯಲು ಬಂದವರ ಮಾತು ಯಾವುದು, 'ರಿಪೇರಿ ಮಾಡಿಕೊಡುವವರು ಬೇಕು' ಅನ್ನುವವರ ಮಾತು ಯಾವುದು ಅಂತ ಗುರುತು ಹಾಕಿ. ಆರನೇ ಹಂತದಲ್ಲಿ ಇದೇ ಪಟ್ಟಿ ಕೆಲಸಕ್ಕೆ ಬರುತ್ತದೆ.

2. ಹೆಸರು ಆರಿಸಿ

ಒಳ್ಳೆಯ ಡೊಮೇನ್ ಹೆಸರಿಗೆ ಒಂದೇ ಪರೀಕ್ಷೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಟೈಪ್ ಮಾಡಬೇಕು. ಕನ್ನಡದ ಹೆಸರು ಇಟ್ಟುಕೊಳ್ಳುವವರು ಇಲ್ಲೇ ಎಡವುವುದು. 'ಚಿತ್ರಶಾಲೆ' ಅನ್ನುವ ಹೆಸರನ್ನೇ ತಗೊಳ್ಳಿ. ಶುರುವಿಗೆ ಬರೀ ಸಿ ಹಾಕಬೇಕಾ, ಸಿ ಮತ್ತು ಎಚ್ ಎರಡೂನಾ? 'ತ್ರ'ದಲ್ಲಿ ಟಿ ಮಾತ್ರನಾ, ಜೊತೆಗೆ ಎಚ್ ಇರಬೇಕಾ? 'ಶಾ'ದಲ್ಲಿ ಎ ಒಂದಾ ಎರಡಾ? ಕಿವಿಗೆ ಒಂದೇ ಥರ ಕೇಳುವ ಹೆಸರು, ಬರೆಯುವಾಗ ಏಳೆಂಟು ಥರ ಆಗುತ್ತದೆ. ದೀರ್ಘ, ಮಹಾಪ್ರಾಣ, 'ಳ', 'ಣ' ಕಡಿಮೆ ಇರುವ ಪದ ಹುಡುಕಿ. ಹೆಸರು ಬಿಡಲು ಮನಸ್ಸೇ ಇಲ್ಲ ಅಂದರೆ ಜನ ಜಾಸ್ತಿ ಬರೆಯುವ ಎರಡು ಮೂರು ರೂಪಗಳನ್ನೂ ಕೊಂಡು, ಮುಖ್ಯ ಹೆಸರಿಗೆ ತಿರುಗಿಸಿಬಿಡಿ.

ಚುಟುಕಾಗಿ ಉಳಿದ ನಿಯಮಗಳು. ಅಕ್ಷರ, ಅಂಕಿ, ಹೈಫನ್ ಮಾತ್ರ ನಡೆಯುತ್ತವೆ. ಒಂದು ಭಾಗದಲ್ಲಿ 63 ಅಕ್ಷರದವರೆಗೆ ಅವಕಾಶ ಇದೆ, ಆದರೆ ಹದಿನೈದು ದಾಟಿದರೆ ಯಾರಿಗೂ ನೆನಪಿರುವುದಿಲ್ಲ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ ಲೆಕ್ಕ. ಹೈಫನ್ ಮತ್ತು ಅಂಕಿ ಬೇಡ. ಬಾಯಲ್ಲಿ ಹೇಳುವಾಗ ಇವೆರಡೂ ಜಗ್ಗುತ್ತವೆ.

ಈಗ ಕೀವರ್ಡ್ ಪ್ರಶ್ನೆ. ಒಂದು ಕಾಲದಲ್ಲಿ ಹುಡುಕುವ ಮಾತನ್ನೇ ಡೊಮೇನ್ ಮಾಡಿಕೊಂಡರೆ ನಿಜವಾಗಿಯೂ ಲಾಭ ಇತ್ತು. ಪುಟದಲ್ಲಿ ಏನೂ ಇಲ್ಲದಿದ್ದರೂ ಹೆಸರಿನ ಬಲದಿಂದ ಮೇಲೆ ಬರುತ್ತಿದ್ದವು. 2012ರ ಸೆಪ್ಟೆಂಬರಿನಲ್ಲಿ ಗೂಗಲ್ ಅಂಥ ಕಳಪೆ ಸೈಟ್‌ಗಳನ್ನು ಕೆಳಗಿಳಿಸುವ ಬದಲಾವಣೆ ತಂದಿತು. ಹೆಸರಲ್ಲಿ 'ಕ್ಯಾಮೆರಾ' ಅಂತ ಇದ್ದರೆ ಓದುವವನಿಗೆ ವಿಷಯ ಗೊತ್ತಾಗುತ್ತದೆ, ಅಷ್ಟು ಉಪಯೋಗ ಇದ್ದೇ ಇದೆ. ಅದಕ್ಕಾಗಿ ಐದು ಪದ ಪೋಣಿಸಿ ಉದ್ದ ಮಾಡಬೇಡಿ. ನಾಳೆ ಟೈಪ್‌ರೈಟರ್ ರಿಪೇರಿಯನ್ನೂ ಶುರು ಮಾಡಿದರೆ ಆ ಹೆಸರೇ ಕಾಲಿಗೆ ತೊಡರುತ್ತದೆ.

ವಿಸ್ತರಣೆ ಯಾವುದಿರಲಿ? ಡಾಟ್ ಕಾಮ್, ಡಾಟ್ ನೆಟ್, ಹೊಸದಾಗಿ ಬಂದ ಡಾಟ್ ಶಾಪ್ ಇವುಗಳ ನಡುವೆ ಸರ್ಚ್ ಎಂಜಿನ್ ಭೇದ ಮಾಡುವುದಿಲ್ಲ. ಜನ ಮಾಡುತ್ತಾರೆ. ಗೊತ್ತಿಲ್ಲದಿದ್ದರೆ ಕೈ ತಾನಾಗಿ ಡಾಟ್ ಕಾಮ್ ಟೈಪ್ ಮಾಡುತ್ತದೆ. ಒಂದೇ ದೇಶದ ಗಿರಾಕಿಗಳು ಬೇಕಿದ್ದರೆ ಆ ದೇಶದ ವಿಸ್ತರಣೆ ಒಳ್ಳೆಯದು, ಯಾಕಂದರೆ ಈ ಸೈಟ್ ಯಾರಿಗಾಗಿ ಅನ್ನುವ ಸುಳಿವು ಸರ್ಚ್ ಎಂಜಿನ್‌ಗೆ ಅದರಿಂದ ಸಿಗುತ್ತದೆ. ಕನ್ನಡ ಲಿಪಿಯಲ್ಲೂ ಡೊಮೇನ್ ಹೆಸರು ಸಿಗುತ್ತದೆ. ಒಳಗೊಳಗೆ ಅದು 'ಎಕ್ಸ್‌ಎನ್' ಅಂತ ಶುರುವಾಗುವ ರೋಮನ್ ಅಕ್ಷರಗಳ ಸಾಲಾಗಿ ಬದಲಾಗುತ್ತದೆ. ಲಿಂಕ್ ಕಾಪಿ ಮಾಡಿ ಕಳಿಸಿದಾಗ ಕೆಲವು ಕಡೆ ಆ ವಿಚಿತ್ರ ಸಾಲೇ ಕಾಣುತ್ತದೆ. ಹಾಗಾಗಿ ಅದನ್ನು ಎರಡನೇ ಹೆಸರಾಗಿ ಇಟ್ಟುಕೊಳ್ಳಿ.

ಕೊಳ್ಳುವ ಮುನ್ನ ಎರಡು ವಿಚಾರಣೆ ಆಗಲೇಬೇಕು. ಒಂದು, ಆ ಹೆಸರು ಯಾರದಾದರೂ ಟ್ರೇಡ್‌ಮಾರ್ಕಾ? ಹೆಸರಾಂತ ಕ್ಯಾಮೆರಾ ಕಂಪನಿಯ ಹೆಸರಿಗೆ 'ರಿಪೇರಿ' ಸೇರಿಸಿ ಡೊಮೇನ್ ಮಾಡಿದರೆ ಅವರು ದೂರು ಕೊಡಬಹುದು. ಇದಕ್ಕೆಂದೇ 1999ರಿಂದ 'ಯುಡಿಆರ್‌ಪಿ' ಅನ್ನುವ ಅಂತರರಾಷ್ಟ್ರೀಯ ತಕರಾರು ವ್ಯವಸ್ಥೆ ಇದೆ. ಹೆಸರು ಕೆಟ್ಟ ಉದ್ದೇಶದಿಂದ ಕೊಂಡದ್ದು ಅಂತ ತೀರ್ಮಾನವಾದರೆ ಅದು ಕೈ ತಪ್ಪುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ. ಎರಡು, ಆ ಹೆಸರಿಗೆ ಹಿಂದಿನ ಜನ್ಮ ಇತ್ತಾ? ಹಳೆಯ ವೆಬ್ ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷೀನ್ ಅನ್ನುವ ಸೈಟಿನಲ್ಲಿ ಹೆಸರು ಹಾಕಿ ಹಳೆಯ ಪುಟಗಳನ್ನು ನೋಡಿ. ಜೂಜು, ಅಶ್ಲೀಲ ಸೈಟ್ ಇದ್ದ ಗುರುತು ಕಂಡರೆ ಬಿಟ್ಟುಬಿಡಿ. 'ಹಳೇ ಡೊಮೇನ್, ರ‍್ಯಾಂಕ್ ಸಿಗುತ್ತೆ' ಅಂತ ಮಾರುವವರ ಮಾತಿಗೂ ಮರುಳಾಗಬೇಡಿ. ಅವಧಿ ಮುಗಿದ ಹೆಸರುಗಳನ್ನು ರ‍್ಯಾಂಕಿಗಾಗಿಯೇ ಕೊಂಡು ಕಸ ತುಂಬುವುದನ್ನು ಗೂಗಲ್ 2024ರ ಮಾರ್ಚಿನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ.

3. ನಿಮ್ಮ ಹೆಸರಲ್ಲೇ ನೋಂದಾಯಿಸಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದೇ ಇರಲಿ. ಸೈಟ್ ಮಾಡಿಕೊಡುವವರು 'ಡೊಮೇನ್ ನಾವೇ ತಗೊಂಡು ಬಿಡ್ತೀವಿ, ನಿಮಗ್ಯಾಕೆ ತಲೆನೋವು' ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಡೊಮೇನ್ ನಿವೇಶನದ ಪತ್ರ ಇದ್ದ ಹಾಗೆ, ಯಾರ ಹೆಸರಲ್ಲಿದೆಯೋ ಅವರದೇ. ಅವರು ಕೆಲಸ ಬಿಟ್ಟು ಹೋದರೆ, ಫೋನ್ ಎತ್ತದಿದ್ದರೆ, ಮುನಿಸಿಕೊಂಡರೆ ನಿಮ್ಮ ವರ್ಷಗಳ ಗುರುತು ಅವರ ಅಕೌಂಟಿನಲ್ಲಿ ಸಿಕ್ಕಿಬೀಳುತ್ತದೆ. ರಿಜಿಸ್ಟ್ರಾರ್ ಅಕೌಂಟ್ ನಿಮ್ಮದೇ ಇಮೇಲಿನಲ್ಲಿ, ನಿಮ್ಮದೇ ಕಾರ್ಡಿನಲ್ಲಿ ಇರಲಿ. ಅವರಿಗೆ ಬೇಕಿದ್ದರೆ ಡಿಎನ್ಎಸ್ ಬದಲಿಸುವಷ್ಟು ಮಾತ್ರ ಅನುಮತಿ ಕೊಡಿ.

ಆ ಇಮೇಲ್ ಇದೇ ಡೊಮೇನಿನದು ಆಗಬಾರದು ಅಂದೆನಲ್ಲ? ಡೊಮೇನ್ ನಿಂತುಹೋದ ದಿನ ಆ ಇಮೇಲೂ ನಿಲ್ಲುತ್ತದೆ. 'ಅವಧಿ ಮುಗಿದಿದೆ' ಅನ್ನುವ ನೋಟಿಸ್ ಬಂದು ಬೀಳಲು ಜಾಗವೇ ಇರುವುದಿಲ್ಲ.

ನೋಂದಣಿಯಾದ ಮೇಲೆ ವಿಳಾಸ ಖಚಿತಪಡಿಸಿ ಅಂತ ಒಂದು ಮೇಲ್ ಬರುತ್ತದೆ. ಅದನ್ನು ಸ್ಪ್ಯಾಮ್ ಅಂದುಕೊಂಡು ಬಿಡಬೇಡಿ. 15 ದಿನದೊಳಗೆ ಖಚಿತಪಡಿಸದಿದ್ದರೆ ಸೈಟ್ ನಿಂತುಹೋಗುವ ಸಾಧ್ಯತೆ ಇದೆ. ಆಮೇಲೆ ಅಕೌಂಟ್ ಒಳಗೆ ಹೋಗಿ ಈ ನಾಲ್ಕನ್ನು ಆನ್ ಮಾಡಿ: ಎರಡು ಹಂತದ ಲಾಗಿನ್, ಟ್ರಾನ್ಸ್‌ಫರ್ ಲಾಕ್, ಆಟೊ ರಿನ್ಯೂ, ಪ್ರೈವಸಿ. ಟ್ರಾನ್ಸ್‌ಫರ್ ಲಾಕ್ ಇದ್ದರೆ ನಿಮಗೆ ಗೊತ್ತಿಲ್ಲದೆ ಯಾರೂ ಹೆಸರನ್ನು ಬೇರೆ ಕಡೆಗೆ ಸಾಗಿಸಲು ಆಗುವುದಿಲ್ಲ. ಪ್ರೈವಸಿ ಇದ್ದರೆ ನಿಮ್ಮ ಫೋನ್ ನಂಬರ್, ವಿಳಾಸ ಬಹಿರಂಗ ಪಟ್ಟಿಯಲ್ಲಿ ಕಾಣುವುದಿಲ್ಲ. ಕಾರ್ಡ್ ಬದಲಾದಾಗ ಆಟೊ ರಿನ್ಯೂ ಸುಮ್ನೆ ಸೋತುಹೋಗುತ್ತದೆ ಅನ್ನುವುದು ಗೊತ್ತಿರಲಿ. ಹೊಸ ಕಾರ್ಡ್ ಬಂದ ದಿನವೇ ಇಲ್ಲೂ ಬದಲಿಸಿ.

ಮೊದಲ ವರ್ಷದ ಬೆಲೆ ನೋಡಿ ಖುಷಿ ಪಡಬೇಡಿ, ಎರಡನೇ ವರ್ಷದ ರಿನ್ಯೂ ಬೆಲೆ ನೋಡಿ. ಒಂದರಿಂದ 10 ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು. ಜಾಸ್ತಿ ವರ್ಷ ಕಟ್ಟಿದರೆ ರ‍್ಯಾಂಕ್ ಸಿಗುತ್ತದೆ ಅನ್ನುವುದು ಬರೀ ಕಥೆ, ಮರೆತು ಕಳೆದುಕೊಳ್ಳುವ ಭಯ ಮಾತ್ರ ಕಡಿಮೆಯಾಗುತ್ತದೆ.

ಅವಧಿ ಮುಗಿದರೆ ಏನಾಗುತ್ತದೆ? ಡಾಟ್ ಕಾಮ್‌ನಂಥವುಗಳಲ್ಲಿ ಮೊದಲು ಮಾಮೂಲಿ ಬೆಲೆಗೆ ರಿನ್ಯೂ ಮಾಡುವ ಸಮಯ ಇರುತ್ತದೆ. ಇದು ರಿಜಿಸ್ಟ್ರಾರ್ ಮೇಲೆ ನಿಂತಿದೆ, ಹೆಚ್ಚೆಂದರೆ 45 ದಿನ. ಅದು ಕಳೆದರೆ 30 ದಿನದ 'ರಿಡೆಂಪ್ಷನ್', ಅಂದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ. ದಂಡ ಜೋರಾಗಿಯೇ ಇರುತ್ತದೆ. ಆಮೇಲೆ 5 ದಿನ ಯಾರಿಗೂ ಕೈ ಹಾಕಲು ಬರುವುದಿಲ್ಲ. ನಂತರ ಹೆಸರು ಬಯಲಿಗೆ ಬೀಳುತ್ತದೆ, ಕಾದು ಕೂತವರು ಸೆಕೆಂಡುಗಳಲ್ಲಿ ಎತ್ತಿಕೊಳ್ಳುತ್ತಾರೆ. ಕೆಲವು ರಿಜಿಸ್ಟ್ರಾರ್‌ಗಳು ಈ ಗಡುವು ಮುಗಿಯುವ ಮೊದಲೇ ಹರಾಜಿಗೆ ಇಡುವುದೂ ಉಂಟು.

ಹೆಸರು ಕೊಂಡ ಕೆಲವೇ ದಿನಗಳಲ್ಲಿ ಬಿಲ್ಲಿನ ಥರ ಕಾಣುವ ಮೇಲ್ ಅಥವಾ ಕಾಗದ ಬರಬಹುದು. 'ನಿಮ್ಮ ಡೊಮೇನನ್ನು ಸರ್ಚ್ ಎಂಜಿನ್‌ಗಳಲ್ಲಿ ನೋಂದಾಯಿಸುವ ಕಡೆಯ ದಿನ' ಅಂತ ಇರುತ್ತದೆ. ಸರ್ಚ್ ಎಂಜಿನ್‌ನಲ್ಲಿ ನೋಂದಣಿಗೆ ಶುಲ್ಕ ಅನ್ನುವುದೇ ಇಲ್ಲ. ಹರಿದು ಹಾಕಿ.

4. ಹೆಸರನ್ನು ಸೈಟಿಗೆ ಜೋಡಿಸಿ

ರಿಜಿಸ್ಟ್ರಾರ್ ಅಕೌಂಟಿನಲ್ಲಿ 'ಡಿಎನ್ಎಸ್ ರೆಕಾರ್ಡ್ಸ್' ಅನ್ನುವ ಪುಟ ತೆರೆಯಿರಿ. ಒಂದು ಕೋಷ್ಟಕ ಕಾಣುತ್ತದೆ. ಪ್ರತಿ ಸಾಲಿನಲ್ಲಿ ನಾಲ್ಕು ಖಾನೆ: ಬಗೆ, ಹೋಸ್ಟ್, ವ್ಯಾಲ್ಯೂ (ಅಂದರೆ ತುಂಬಬೇಕಾದ ವಿಳಾಸ ಅಥವಾ ಬರಹ), ಟಿಟಿಎಲ್. ನಿಮಗೆ ಬೇಕಾಗುವ ಬಗೆಗಳು ಇಷ್ಟೇ. 'ಎ' ರೆಕಾರ್ಡ್ ಹೆಸರನ್ನು 192.0.2.10 ಥರದ ಅಂಕಿ ವಿಳಾಸಕ್ಕೆ ತೋರಿಸುತ್ತದೆ. 'ಸಿನೇಮ್' ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುತ್ತದೆ. 'ಎಂಎಕ್ಸ್' ಇಮೇಲ್ ಎಲ್ಲಿಗೆ ಹೋಗಬೇಕು ಅನ್ನುತ್ತದೆ. 'ಟೆಕ್ಸ್ಟ್' ರೆಕಾರ್ಡ್ ಈ ಡೊಮೇನ್ ನಿಮ್ಮದೇ ಅಂತ ಸಾಬೀತು ಮಾಡುವಂಥ ಕೆಲಸಗಳಿಗೆ.

ಹೋಸ್ಟ್ ಖಾನೆಯಲ್ಲಿ ಬರೀ ಡೊಮೇನಿಗೆ @ ಗುರುತು ಹಾಕಬೇಕು. ಮುಂದೆ ಮೂರು ಡಬ್ಲ್ಯೂ ಇರುವ ರೂಪಕ್ಕೆ ಆ ಮೂರು ಅಕ್ಷರ ಮಾತ್ರ. ಹಲವರು ಅಲ್ಲಿ ಪೂರ್ತಿ ಡೊಮೇನ್ ಹೆಸರನ್ನೇ ಪೇಸ್ಟ್ ಮಾಡುತ್ತಾರೆ. ವ್ಯವಸ್ಥೆ ತನ್ನ ಪಾಡಿಗೆ ಇನ್ನೊಮ್ಮೆ ಹೆಸರು ಸೇರಿಸುತ್ತದೆ. ಆಗ ಹೆಸರಿನ ಬಾಲಕ್ಕೆ ಅದೇ ಹೆಸರು ಅಂಟಿಕೊಂಡ, ಯಾರೂ ಹುಡುಕದ ವಿಳಾಸವೊಂದು ಹುಟ್ಟುತ್ತದೆ. ಸೈಟ್ ತೆರೆಯುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ನೇಮ್‌ಸರ್ವರ್, ಅಂದರೆ ಈ ಕೋಷ್ಟಕವನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಬದಲಿಸುವುದು. ಹೋಸ್ಟಿಂಗಿನವರು 'ನಮ್ಮ ನೇಮ್‌ಸರ್ವರ್ ಹಾಕಿ' ಅನ್ನುತ್ತಾರೆ. ಹಾಕಿದ ಕೂಡಲೇ ಇಡೀ ಕೋಷ್ಟಕ ಅವರ ಕಡೆಗೆ ಹೋಗುತ್ತದೆ. ಅಲ್ಲಿ ನಿಮ್ಮ ಎಂಎಕ್ಸ್ ಸಾಲುಗಳು ಇರುವುದಿಲ್ಲ. ಸೈಟ್ ಚೆನ್ನಾಗಿ ಬರುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ಬದಲಿಸುವ ಮುನ್ನ ಹಳೆಯ ಕೋಷ್ಟಕದ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ಸಾಲುಗಳನ್ನು ಹೊಸ ಕಡೆ ಮೊದಲೇ ತುಂಬಿ.

ಬದಲಾವಣೆ ಎಲ್ಲ ಕಡೆ ಹರಡಲು ಕೆಲವು ನಿಮಿಷದಿಂದ 48 ಗಂಟೆವರೆಗೆ ಹಿಡಿಯಬಹುದು. ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನುವುದನ್ನು ಹೇಳುವುದೇ ಆ ಟಿಟಿಎಲ್ ಖಾನೆ. ಬದಲಾವಣೆ ಗೊತ್ತಿದ್ದರೆ ಹಿಂದಿನ ದಿನವೇ ಅದನ್ನು 300 ಸೆಕೆಂಡಿಗೆ ಇಳಿಸಿಡಿ. ಅರ್ಧ ಗಂಟೆಗೊಮ್ಮೆ ಏನೋ ಒಂದು ತಿದ್ದುತ್ತಾ ಕೂರಬೇಡಿ, ಗೋಜಲು ಜಾಸ್ತಿಯಾಗುತ್ತದೆ.

ಮೂರು ಡಬ್ಲ್ಯೂ ಇರುವ ವಿಳಾಸ, ಇಲ್ಲದ ವಿಳಾಸ, ಎರಡೂ ಸರ್ಚ್ ಎಂಜಿನ್ ಕಣ್ಣಿಗೆ ಬೇರೆ ಬೇರೆ. ಯಾವುದಾದರೂ ಒಂದನ್ನು ಆರಿಸಿ, ಇನ್ನೊಂದನ್ನು '301' ಮೂಲಕ ಅದಕ್ಕೆ ತಿರುಗಿಸಿ. 301 ಅಂದರೆ 'ಕಾಯಂ ಆಗಿ ಅಲ್ಲಿಗೆ ಹೋಗಿದ್ದೇವೆ' ಅನ್ನುವ ಸೂಚನೆ. ಎಚ್‌ಟಿಟಿಪಿಎಸ್ ಕೂಡ ಬೇಕು, ಅಂದರೆ ನಡುವೆ ಯಾರೂ ಇಣುಕಲಾಗದ ಸುರಕ್ಷಿತ ಸಂಪರ್ಕ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಇದಿಲ್ಲದ ಸೈಟ್‌ಗಳನ್ನೆಲ್ಲ 'ಸುರಕ್ಷಿತವಲ್ಲ' ಅಂತ ಗುರುತಿಸುತ್ತಿದೆ. ಇದಕ್ಕೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆ ಕೊಡುವ ಉಚಿತ ಸರ್ಟಿಫಿಕೇಟನ್ನು ಬಹಳಷ್ಟು ಹೋಸ್ಟಿಂಗಿನವರು ತಾವೇ ಹಾಕಿಕೊಡುತ್ತಾರೆ.

ಡೊಮೇನಿನ ಇಮೇಲಿನಿಂದ ಪ್ರಚಾರದ ಮೇಲ್ ಕಳಿಸುವ ಯೋಚನೆ ಇದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ಟೆಕ್ಸ್ಟ್ ರೆಕಾರ್ಡ್‌ಗಳನ್ನು ಈಗಲೇ ಹಾಕಿ. ಈ ಮೇಲ್ ನಿಜವಾಗಿಯೂ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಗುರುತುಗಳಿವು. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಇದನ್ನು ಬಿಗಿ ಮಾಡಿವೆ. ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡು ಹಾಕಿದರೆ ಎರಡೂ ಕೆಲಸ ಮಾಡುವುದಿಲ್ಲ.

5. ಸರ್ಚ್ ಎಂಜಿನ್‌ಗೆ ಬಾಗಿಲು ತೆರೆಯಿರಿ

ಸರ್ಚ್ ಎಂಜಿನ್ ಮೂರು ಕೆಲಸ ಮಾಡುತ್ತದೆ. ಗೂಗಲ್‌ಬಾಟ್‌ನಂಥ ಪ್ರೋಗ್ರಾಂ ಲಿಂಕಿನಿಂದ ಲಿಂಕಿಗೆ ಹೋಗಿ ಪುಟ ಓದುವುದು 'ಕ್ರಾಲಿಂಗ್'. ಓದಿದ್ದನ್ನು ತನ್ನ ಪಟ್ಟಿಯಲ್ಲಿ ಸೇರಿಸುವುದು 'ಇಂಡೆಕ್ಸಿಂಗ್'. ಯಾರಾದರೂ ಹುಡುಕಿದಾಗ ಯಾವುದು ಮೊದಲು ಅಂತ ಜೋಡಿಸುವುದು 'ರ‍್ಯಾಂಕಿಂಗ್'. ನಿಮ್ಮ ಸೈಟ್ 'ಕಾಣಿಸ್ತಿಲ್ಲ' ಅಂದರೆ ಈ ಮೂರರಲ್ಲಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ತಿಳಿಯಬೇಕು.

ಅದಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಇದೆ, ಉಚಿತ. ಲಾಗಿನ್ ಆಗಿ 'ಡೊಮೇನ್' ಬಗೆಯನ್ನೇ ಆರಿಸಿ. ಅದು ಕೊಡುವ ಸಂಕೇತವನ್ನು ಟೆಕ್ಸ್ಟ್ ರೆಕಾರ್ಡ್ ಆಗಿ ಡಿಎನ್ಎಸ್ ಕೋಷ್ಟಕದಲ್ಲಿ ಹಾಕಿ. ಹೀಗೆ ಮಾಡಿದರೆ ಮೂರು ಡಬ್ಲ್ಯೂ ಇರುವುದು, ಇಲ್ಲದ್ದು ಎಲ್ಲದರ ಲೆಕ್ಕ ಒಟ್ಟಿಗೆ ಸಿಗುತ್ತದೆ. ಆಮೇಲೆ 'ಸೈಟ್‌ಮ್ಯಾಪ್', ಅಂದರೆ ಪುಟಗಳ ಪಟ್ಟಿಯ ಫೈಲಿನ ವಿಳಾಸ ಕೊಡಿ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗಳು ಅದನ್ನು ತಾವೇ ತಯಾರಿಸುತ್ತವೆ. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನ ವೆಬ್‌ಮಾಸ್ಟರ್ ಟೂಲ್ಸ್‌ಗೂ ಇದನ್ನೇ ಕೊಡಿ. ಸರ್ಚ್ ಕನ್ಸೋಲ್‌ನಿಂದಲೇ ಆಮದು ಮಾಡುವ ಅನುಕೂಲ ಅಲ್ಲಿದೆ.

ಒಂದು ಪುಟ ಗೂಗಲ್‌ನ ಪಟ್ಟಿಯಲ್ಲಿ ಇದೆಯಾ ಅಂತ ನೋಡಲು ಸರ್ಚ್ ಕನ್ಸೋಲ್‌ನ ಮೇಲಿನ ಬಾಕ್ಸ್‌ನಲ್ಲಿ ಅದರ ವಿಳಾಸ ಹಾಕಿ. ಇಲ್ಲ ಅಂತ ಬಂದರೆ ಕಾರಣವನ್ನೂ ಹೇಳುತ್ತದೆ. ಹೊಸ ಸೈಟ್‌ಗಳಲ್ಲಿ ಪದೇ ಪದೇ ಕಾಣುವ ಕಾರಣ 'ನೋಇಂಡೆಕ್ಸ್', ಅಂದರೆ 'ನನ್ನನ್ನು ಪಟ್ಟಿಗೆ ಸೇರಿಸಬೇಡ' ಅನ್ನುವ ಗುರುತು. ಸೈಟ್ ತಯಾರಾಗುವಾಗ ಅರೆಬರೆ ಪುಟಗಳು ಹೊರಗೆ ಕಾಣಬಾರದು ಅಂತ ಹಾಕಿರುತ್ತಾರೆ, ಆಮೇಲೆ ತೆಗೆಯಲು ಮರೆಯುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ 'ರೀಡಿಂಗ್' ಪುಟದ ಕೆಳಗೆ, ಸರ್ಚ್ ಎಂಜಿನ್‌ಗಳನ್ನು ತಡೆಯುವ ಒಂದು ಚೆಕ್‌ಬಾಕ್ಸ್ ಇದೆ. ಅದರಲ್ಲಿ ಟಿಕ್ ಇದ್ದರೆ ಇಡೀ ಸೈಟಿಗೆ ಬೀಗ. ನನ್ನನ್ನು ಕೇಳಿದರೆ ಬೇರೇನು ಮಾಡುವ ಮೊದಲೂ ಅದನ್ನು ನೋಡಿ.

'ರೋಬೋಟ್ಸ್' ಫೈಲ್ ಇದಕ್ಕಿಂತ ಬೇರೆ. ಯಾವ ಭಾಗ ಓದಬಾರದು ಅಂತ ಕ್ರಾಲರ್‌ಗೆ ಹೇಳುವ ಫೈಲ್ ಅದು. ಒಂದು ಪುಟವನ್ನು ಹುಡುಕಾಟದಿಂದ ತೆಗೆಯಲು ಅಲ್ಲಿ ತಡೆ ಹಾಕಿದರೆ ಉಲ್ಟಾ ಆಗುತ್ತದೆ. ಪುಟ ಓದಲು ಬಿಡದಿದ್ದರೆ ಒಳಗಿನ ನೋಇಂಡೆಕ್ಸ್ ಗುರುತೂ ಅದಕ್ಕೆ ಕಾಣುವುದಿಲ್ಲ. ಬರೀ ವಿಳಾಸ ಪಟ್ಟಿಯಲ್ಲೇ ಉಳಿದುಬಿಡಬಹುದು.

6. ಒಂದು ಪ್ರಶ್ನೆಗೆ ಒಂದು ಪುಟ ಬರೆಯಿರಿ

ಮೊದಲ ಹಂತದ ಪಟ್ಟಿ ಹೊರತೆಗೆಯಿರಿ. ಪ್ರತಿ ಮುಖ್ಯ ಮಾತಿಗೆ ಒಂದು ಪುಟ. ಎಲ್ಲವನ್ನೂ ಮುಖಪುಟದಲ್ಲೇ ತುರುಕಬೇಡಿ, ಒಂದೇ ಮಾತಿಗೆ ಮೂರು ಪುಟವನ್ನೂ ಮಾಡಬೇಡಿ. ಆಗ ನಿಮ್ಮ ಪುಟಗಳೇ ಒಂದಕ್ಕೊಂದು ಅಡ್ಡ ಬರುತ್ತವೆ.

ನಮ್ಮ ರಿಪೇರಿಯವರ ಪುಟವೊಂದರ ಟೈಟಲ್ ಹೀಗಿತ್ತು ಅಂದುಕೊಳ್ಳಿ: 'ಮುಖಪುಟ | ಸ್ವಾಗತ | ನಮ್ಮ ಸೇವೆಗಳು'. ಟೈಟಲ್ ಅಂದರೆ ಹುಡುಕಾಟದ ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುವ ನೀಲಿ ಸಾಲು. ಇದನ್ನು ಯಾರು ಒತ್ತುತ್ತಾರೆ? ಇದರ ಬದಲು: 'ಲೆನ್ಸ್ ಒಳಗೆ ಫಂಗಸ್: ಯಾವುದನ್ನು ತೆಗೆಯಬಹುದು, ಯಾವಾಗ ಲೆನ್ಸ್ ಕೈಬಿಡಬೇಕು'. ಮೊಬೈಲಿನಲ್ಲಿ ಕೊನೆ ಕತ್ತರಿಸಿ ಹೋದರೂ ವಿಷಯ ಮೊದಲ ಮೂರು ಪದದಲ್ಲೇ ಇದೆ. ಅದರ ಕೆಳಗಿನ ಎರಡು ಸಾಲಿನ ವಿವರಣೆಗೆ 'ಡಿಸ್ಕ್ರಿಪ್ಷನ್' ಅನ್ನುತ್ತಾರೆ. ಅಲ್ಲಿ 'ನಾವು ಉತ್ತಮ ಗುಣಮಟ್ಟದ ಸೇವೆ ನೀಡುತ್ತೇವೆ' ಅಂತ ಬರೆಯುವವರೇ ಜಾಸ್ತಿ. ಬದಲಿಗೆ ಹೀಗೆ ಬರೆಯಿರಿ: 'ಟಾರ್ಚ್ ಬೆಳಕಿನಲ್ಲಿ ಲೆನ್ಸ್ ನೋಡುವ ಕ್ರಮ, ಗಾಜಿನ ಲೇಪ ಹಾಳಾಗಿದೆಯೇ ಅಂತ ತಿಳಿಯುವ ಗುರುತುಗಳು, ಬಿಚ್ಚುವ ಮುನ್ನ ಕಳಿಸಬೇಕಾದ ಫೋಟೊಗಳು.' ಗೂಗಲ್ ಕೆಲವು ಸಲ ಇದನ್ನು ಬಿಟ್ಟು ಪುಟದೊಳಗಿನ ಬೇರೆ ಸಾಲನ್ನು ತೋರಿಸುತ್ತದೆ. ಇದರಿಂದ ರ‍್ಯಾಂಕ್ ಏರುವುದೂ ಇಲ್ಲ. ಆದರೆ ಒತ್ತಬೇಕೋ ಬೇಡವೋ ಅಂತ ಜನ ತೀರ್ಮಾನಿಸುವುದು ಇದನ್ನು ನೋಡಿಯೇ.

ಪುಟದ ಒಳಗೆ ಉತ್ತರ ಮೊದಲು ಬರಲಿ, ಪೀಠಿಕೆ ಆಮೇಲೆ. ನಿಮ್ಮದೇ ಫೋಟೊ ಹಾಕಿ: ಫಂಗಸ್ ಹಿಡಿದ ಲೆನ್ಸು, ತೊಳೆದ ಮೇಲೆ ಅದೇ ಲೆನ್ಸು. ಪ್ರತಿ ಫೋಟೊಗೆ 'ಆಲ್ಟ್' ಬರಹ, ಅಂದರೆ ಕಣ್ಣು ಕಾಣದವರಿಗೂ ಸರ್ಚ್ ಎಂಜಿನ್‌ಗೂ ಚಿತ್ರದಲ್ಲಿ ಏನಿದೆ ಅಂತ ಹೇಳುವ ಒಂದು ಸಾಲು ಸೇರಿಸಿ. ಬೆಲೆ, ಹಿಡಿಯುವ ಸಮಯ, ಆಗದ ಕೆಲಸ ಯಾವುದು, ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆಯಿರಿ. ಪೈಪೋಟಿಯವರು ನೋಡುತ್ತಾರೆ ಅನ್ನುವ ಭಯ ಬೇಡ, ಗಿರಾಕಿಯೂ ಅದನ್ನೇ ನೋಡಲು ಬಂದಿದ್ದಾನೆ.

'ಮೆಟಾ ಕೀವರ್ಡ್ಸ್' ಅನ್ನುವ ಖಾನೆ ತುಂಬಲು ಯಾರಾದರೂ ದುಡ್ಡು ಕೇಳಿದರೆ ನಯವಾಗಿ ಬೇಡ ಅನ್ನಿ. ಅದನ್ನು ರ‍್ಯಾಂಕಿಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಒಂದೇ ಪದವನ್ನು ಇಪ್ಪತ್ತು ಸಲ ತುರುಕುವುದೂ, ಎಲ್ಲ ರೋಮನ್ ಕಾಗುಣಿತಗಳನ್ನು ಪುಟದ ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಅಡಗಿಸುವುದೂ ಸ್ಪ್ಯಾಮ್ ಲೆಕ್ಕಕ್ಕೆ ಬರುತ್ತವೆ.

ಗೂಗಲ್ ಈಗ ಪುಟಗಳನ್ನು ಅಳೆಯುವುದು ಮೊಬೈಲ್ ರೂಪದಲ್ಲಿ. ಹಾಗಾಗಿ ನಿಮ್ಮ ಸೈಟನ್ನು ಫೋನಿನಲ್ಲೇ ತೆರೆದು ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಅವರ ಅಳತೆ. ನಿಧಾನಕ್ಕೆ ಕಾರಣ ಹೆಚ್ಚಾಗಿ ಕ್ಯಾಮೆರಾದಿಂದ ನೇರ ಹಾಕಿದ ದೈತ್ಯ ಗಾತ್ರದ ಫೋಟೊಗಳೇ. ಹಾಕುವ ಮುನ್ನ ಕುಗ್ಗಿಸಿ.

7. ಬೇರೆ ಸೈಟ್‌ಗಳಿಂದ ಲಿಂಕ್

ಒಂದು ಪುಟಕ್ಕೆ ಬೇರೆಯವರು ಕೊಟ್ಟ ಲಿಂಕನ್ನು ಒಂದು ಬಗೆಯ ಶಿಫಾರಸು ಅಂತ ಎಣಿಸುವ ಲೆಕ್ಕಾಚಾರದಿಂದಲೇ ಗೂಗಲ್ ಶುರುವಾದದ್ದು. ಈಗಲೂ ಅದಕ್ಕೆ ಬೆಲೆ ಇದೆ. ಆದ್ದರಿಂದಲೇ 'ಸಾವಿರ ಬ್ಯಾಕ್‌ಲಿಂಕ್' ಮಾರುವವರ ದಂಡೂ ಇದೆ. ಕೊಂಡ ಲಿಂಕ್‌ಗಳನ್ನು ಹಿಡಿಯಲು ಗೂಗಲ್ 2012ರಲ್ಲಿ 'ಪೆಂಗ್ವಿನ್' ಅನ್ನುವ ಬದಲಾವಣೆ ತಂದಿತು. ಈಗ ಅಂಥವನ್ನು ಬಹುಪಾಲು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ದುಡ್ಡು ನೀರುಪಾಲು. ಕ್ಯಾಮೆರಾ ಹವ್ಯಾಸಿಗಳ ಗುಂಪು, ಬಿಡಿಭಾಗ ಮಾರುವವರು, ನಿಮ್ಮಿಂದ ರಿಪೇರಿ ಮಾಡಿಸಿಕೊಂಡ ಫೋಟೊಗ್ರಾಫರ್, ಇವರು ತಾವಾಗಿ ಕೊಡುವ ನಾಲ್ಕು ಲಿಂಕ್ ಸಾಕು.

8. ಜಾಹೀರಾತು ಬೇಕಾ?

ಗೂಗಲ್‌ನಲ್ಲಿ ಜಾಹೀರಾತು ಕೊಟ್ಟರೆ ಮಾಮೂಲಿ ಫಲಿತಾಂಶದಲ್ಲಿ ರ‍್ಯಾಂಕ್ ಏರುವುದಿಲ್ಲ, ಕೊಡದಿದ್ದರೆ ಇಳಿಯುವುದೂ ಇಲ್ಲ. ಹೊಸ ಪುಟಗಳು ಮೇಲೆ ಬರಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಯಾವ ಮಾತಿಗೆ ಗಿರಾಕಿ ಬರುತ್ತಾನೆ ಅಂತ ಪರೀಕ್ಷಿಸಲು ಸಣ್ಣ ಮೊತ್ತದ ಜಾಹೀರಾತು ಒಳ್ಳೆಯ ಉಪಾಯ.

ಇಲ್ಲಿ ದುಡ್ಡು ಸೋರುವುದು 'ಬ್ರಾಡ್ ಮ್ಯಾಚ್' ಅನ್ನುವ ಆಯ್ಕೆಯಿಂದ. ನೀವು 'ಕ್ಯಾಮೆರಾ ರಿಪೇರಿ' ಕೊಟ್ಟರೆ ಸಿಸಿಟಿವಿ ರಿಪೇರಿ, ಮೊಬೈಲ್ ಕ್ಯಾಮೆರಾ ರಿಪೇರಿ ಹುಡುಕುವವರಿಗೂ ತೋರಿಸಬಹುದು. ಕೊಟ್ಟ ಮಾತಿಗೆ ಹತ್ತಿರದ ಹುಡುಕಾಟಗಳಿಗಷ್ಟೇ ತೋರಿಸುವ 'ಫ್ರೇಸ್' ಅಥವಾ 'ಎಕ್ಸಾಕ್ಟ್' ಮ್ಯಾಚ್‌ನಿಂದ ಶುರು ಮಾಡಿ. ಜನ ನಿಜವಾಗಿ ಟೈಪ್ ಮಾಡಿದ ಮಾತುಗಳು 'ಸರ್ಚ್ ಟರ್ಮ್ಸ್' ವರದಿಯಲ್ಲಿ ಸಿಗುತ್ತವೆ. ಮೊದಲ ವಾರ ದಿನಾ ನೋಡಿ. ಬೇಡದ ಪದಗಳನ್ನು 'ನೆಗೆಟಿವ್ ಕೀವರ್ಡ್' ಪಟ್ಟಿಗೆ ಹಾಕಿ, ಅಂದರೆ ಈ ಪದ ಇದ್ದರೆ ನನ್ನ ಜಾಹೀರಾತು ತೋರಿಸಬೇಡ ಅಂತ. ಒತ್ತಿದವರು ಮುಖಪುಟಕ್ಕೆ ಬಂದು ಬೀಳಬಾರದು, ಅವರು ಹುಡುಕಿದ ವಿಷಯದ ಪುಟಕ್ಕೇ ಬರಬೇಕು.

9. ಲೆಕ್ಕ ನೋಡಿ, ತಿದ್ದಿ

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನ 'ಪರ್ಫಾರ್ಮೆನ್ಸ್' ವರದಿ ತೆರೆಯಿರಿ. 'ಇಂಪ್ರೆಶನ್' ಅಂದರೆ ನಿಮ್ಮ ಪುಟ ಫಲಿತಾಂಶದಲ್ಲಿ ಎಷ್ಟು ಸಲ ಬಂತು. 'ಕ್ಲಿಕ್' ಅಂದರೆ ಎಷ್ಟು ಜನ ಒತ್ತಿದರು. 'ಪೊಸಿಷನ್' ಅಂದರೆ ಸರಾಸರಿ ಎಷ್ಟನೇ ಜಾಗ. 16 ತಿಂಗಳ ಲೆಕ್ಕ ಸಿಗುತ್ತದೆ.

ಇಂಪ್ರೆಶನ್ ಜಾಸ್ತಿ, ಕ್ಲಿಕ್ ಕಡಿಮೆ ಇದ್ದರೆ ಟೈಟಲ್ ತಿದ್ದಿ. ಸರಾಸರಿ ಜಾಗ 8ರಿಂದ 20ರ ನಡುವೆ ಇದ್ದರೆ ಆ ಪುಟಕ್ಕೆ ಇನ್ನಷ್ಟು ತಿರುಳು ಸೇರಿಸಿ, ನಿಮ್ಮ ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಕೊಡಿ. ನೀವು ಊಹಿಸದೇ ಇದ್ದ ಮಾತಿಗೆ ಜನ ಬರುತ್ತಿದ್ದರೆ ಅದಕ್ಕೊಂದು ಹೊಸ ಪುಟ. ಇಂಪ್ರೆಶನ್ನೇ ಸೊನ್ನೆ ಅಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ. ತಿದ್ದಿದ ಮೇಲೆ ಕೆಲವು ವಾರ ಕಾಯಬೇಕು. ನಿಮ್ಮ ಹೆಸರನ್ನು ನೀವೇ ದಿನಕ್ಕೆ ಹತ್ತು ಸಲ ಹುಡುಕಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. 'ಮೊದಲ ಸ್ಥಾನ ಗ್ಯಾರಂಟಿ' ಅಂತ ಬರುವ ಫೋನ್‌ಗಳನ್ನು ಅಲ್ಲೇ ಇಟ್ಟುಬಿಡಿ. ಹಾಗೆ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ ಅಂತ ಗೂಗಲೇ ಹೇಳುತ್ತದೆ.

10. ಮುಂದೆ ಹೆಸರು ಬದಲಿಸಬೇಕಾದರೆ

ಹಳೆಯ ಡೊಮೇನಿನ ಪ್ರತಿ ಪುಟವನ್ನೂ ಹೊಸದರ ಅದೇ ಪುಟಕ್ಕೆ 301 ಮೂಲಕ ತಿರುಗಿಸಿ. ಎಲ್ಲವನ್ನೂ ಹೊಸ ಮುಖಪುಟಕ್ಕೆ ತಿರುಗಿಸಿದರೆ ಇಷ್ಟು ದಿನ ಗಳಿಸಿದ್ದು ಬಹುಪಾಲು ಕಳೆದುಹೋಗುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ 'ಚೇಂಜ್ ಆಫ್ ಅಡ್ರೆಸ್' ಸೌಲಭ್ಯ ಬಳಸಿ. ಅದಕ್ಕೆ ಎರಡೂ ಡೊಮೇನ್ ನಿಮ್ಮ ಅಕೌಂಟಿನಲ್ಲೇ ಖಚಿತವಾಗಿರಬೇಕು. ಹೆಸರು ಬದಲಿಸುವಾಗಲೇ ವಿನ್ಯಾಸ, ಬರಹ, ಪುಟಗಳ ವಿಳಾಸ ಎಲ್ಲವನ್ನೂ ಬದಲಿಸಬೇಡಿ. ರ‍್ಯಾಂಕ್ ಇಳಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ.

ಈ ತಿರುಗಿಸುವಿಕೆ ಕಡೇಪಕ್ಷ ಒಂದು ವರ್ಷ ಇರಬೇಕು ಅಂತ ಗೂಗಲ್ ಹೇಳುತ್ತದೆ. ಹಳೆಯ ಹೆಸರನ್ನು ಅದಕ್ಕಿಂತಲೂ ಬಹಳ ಕಾಲ ರಿನ್ಯೂ ಮಾಡುತ್ತಲೇ ಇರಿ. ನೀವು ಬಿಟ್ಟ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ಎಂಎಕ್ಸ್ ಸಾಲೊಂದನ್ನು ಹಾಕಿದರೆ ಸಾಕು, ನಿಮ್ಮ ಹಳೆಯ ವಿಳಾಸಕ್ಕೆ ಬರುವ ಮೇಲ್ ಎಲ್ಲ ಅವರ ಕೈಗೆ ಹೋಗುತ್ತದೆ, ಬೇರೆ ಸೈಟ್‌ಗಳ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೂ ಸೇರಿ. ಹಾಗಾಗಿ ಹಳೆಯ ಹೆಸರನ್ನು ಬಿಡಲೇಬೇಕು ಅಂತಿದ್ದರೆ, ಆ ಇಮೇಲ್ ಕೊಟ್ಟಿರುವ ಬ್ಯಾಂಕ್, ಸಾಮಾಜಿಕ ಜಾಲತಾಣ, ರಿಜಿಸ್ಟ್ರಾರ್ ಅಕೌಂಟ್‌ಗಳ ಪಟ್ಟಿ ಮಾಡಿ, ಎಲ್ಲ ಕಡೆ ವಿಳಾಸ ಬದಲಿಸಿ ಮುಗಿಸಿದ ಮೇಲಷ್ಟೇ ಆಟೊ ರಿನ್ಯೂ ಆಫ್ ಮಾಡಿ.